ದೊರೆಯ ಹೊಟ್ಟೆನೋವು ಮತ್ತು ಓವರ್‌ಜಾಯ್ಡ್ ಪ್ರಜೆಗಳು

ಸಾಧಾರಣ ಸಂವತ್ಸರದ ವೈಶಾಖ ಶುದ್ಧ ಸಪ್ತಮಿಯಂದು, ಬೆಳಗಿನ ಹತ್ತು ಗಂಟೆಗೆ, ಹುಲ್ಲೂರುಕೋಟೆಯ ಆಸ್ಥಾನದಲ್ಲಿ ಸಂತೋಷ ಕಡ್ಡಾಯವಾಯಿತು.

ದೊರೆ ಜಟ್ಟಿಂಗ ನಾಯಕರು ಬೇಸಗೆ ಕಳೆಯಲು ಊಟಿಗೆ ಹೋಗಿ ಹಿಂದಿನ ದಿನವಷ್ಟೇ ಮರಳಿದ್ದರು. ಬರುವಾಗ ಒಂದು ಟೋಪಿ, ಒಬ್ಬ ಇಂಗ್ಲಿಷ್ ಮಾಸ್ತರ, ಒಂದು ಪದ ತಂದಿದ್ದರು. ಟೋಪಿ ತಲೆಗೆ ದೊಡ್ಡದಾಯಿತು. ಮಾಸ್ತರ ಪಿನಾಕಪಾಣಿ ಆಸ್ಥಾನಕ್ಕೇ ದೊಡ್ಡವನಾದ. ಪದ ಮಾತ್ರ ದೊರೆಯ ನಾಲಿಗೆಯ ಮೇಲೆ ಸರಿಯಾಗಿ ಕುಳಿತಿತು.

"ಓವರ್‌ಜಾಯ್ಡ್!" ಎಂದರು ದೊರೆ. "ಎಂದರೆ, ಆನಂದದಿಂದ ಉಕ್ಕಿ ಹರಿಯುವುದು. ಊಟಿಯಲ್ಲಿ ದೊರೆಸಾನಿಯೊಬ್ಬಳು ನನ್ನ ಕೈ ಕುಲುಕಿ, 'ಐ ಆಮ್ ಓವರ್‌ಜಾಯ್ಡ್' ಎಂದಳು. ನನ್ನನ್ನು ಕಂಡು ಪರದೇಶದವಳಿಗೇ ಅಷ್ಟು ಆನಂದವಾದರೆ, ನನ್ನ ಅನ್ನ ಉಣ್ಣುವ ನಿಮಗೆ ಎಷ್ಟಾಗಬೇಡ? ಇಂದಿನಿಂದ ನನ್ನೆದುರು ಬಾಯಿ ತೆರೆದವರು ಪ್ರತಿ ಮಾತಿನ ಕೊನೆಗೂ ಹಾಗೆನ್ನಬೇಕು."

ಮಾಸ್ತರ ಎದೆಯುಬ್ಬಿಸಿದ. "ಊಟ, ಸ್ನಾನ, ಮಳೆ, ಮದುವೆ, ದಿನಬಳಕೆಯ ಯಾವ ವಾಕ್ಯವನ್ನೇ ತನ್ನಿ. ಈ ಗುಣವಾಚಕ ಹೊಂದದ ವಾಕ್ಯ ಇಂಗ್ಲಿಷಿನಲ್ಲಿ ಇನ್ನೂ ಹುಟ್ಟಿಲ್ಲ. ಐ ಆಮ್ ಓವರ್‌ಜಾಯ್ಡ್."

"ಉಪ್ಪೂ ಅಡುಗೆಗೆ ಹೊಂದುತ್ತದೆ, ಮಾಸ್ತರೇ," ಎಂದಿತು ಒಂದು ಹೆಣ್ಣು ಧ್ವನಿ. "ಪಾಯಸಕ್ಕೆ ಸುರಿದು ನೋಡಿದ್ದೀರಾ?"

ಮಾತಾಡಿದವರು ವೇದವಲ್ಲಿಯಮ್ಮ. ರಾಣಿಯವರಿಗೆ ಅಕ್ಷರ ಕಲಿಸಿದವರು, ಅರಮನೆಯ ಮೂಡಣ ತೊಟ್ಟಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದವರು. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರನ್ನೂ ಬಲ್ಲವರು. ಮೂರರಲ್ಲಿ ಯಾವುದನ್ನೂ ದುಂದು ಮಾಡದವರು.

ದೊರೆಯ ಹುಬ್ಬು ಗಂಟಾಯಿತು. "ವೇದವಲ್ಲಿಯಮ್ಮನವರೇ, ನಿಮ್ಮ ತೊಟ್ಟಿಯನ್ನು ಮಾಸ್ತರರು ತಮ್ಮ ಬಿಡಾರಕ್ಕೆ ಕೇಳಿದ್ದಾರೆ. ಕೊಡುವುದೆಂದೇ ಇದ್ದೇನೆ. ಉಳಿಸಿಕೊಳ್ಳಬೇಕೆಂದಿದ್ದರೆ, ನಾಳೆಯ ಸಭೆ ಮುಗಿಯುವುದರೊಳಗೆ ನನ್ನ ಬಾಯಿಂದಲೇ 'ಆ ಪದ ಬೇಡ' ಎನ್ನಿಸಿ. ಸಾಧ್ಯವೇ?"

ದೊರೆ ನಕ್ಕರು, ಸಭೆಯೂ ನಕ್ಕಿತು. ದೊರೆ ನಕ್ಕಾಗ ನಗುವುದಕ್ಕೇ ಅಲ್ಲಿ ಬಹುಪಾಲು ಮಂದಿಗೆ ಸಂಬಳ ಸಲ್ಲುತ್ತಿತ್ತು.

ವೇದವಲ್ಲಿಯಮ್ಮನಿಗೆ ತೊಟ್ಟಿಯಲ್ಲಿ ಆಗಷ್ಟೇ ಕಾಗುಣಿತ ಹಿಡಿದಿದ್ದ ಹುಡುಗಿಯರ ನೆನಪಾಯಿತು. ಆ ತೊಟ್ಟಿ ಹೋದರೆ ಊರಿನಲ್ಲಿ ಅವರಿಗೆ ಬೇರೆ ನೆರಳಿರಲಿಲ್ಲ. ಆಕೆ ಕೈಮುಗಿದರು.

"ಒಂದೇ ಕೋರಿಕೆ, ಮಹಾಸ್ವಾಮಿ. ಅಪ್ಪಣೆ ಎಂದ ಮೇಲೆ ಅಪ್ಪಣೆ. ಯಾರಿಗೂ ವಿನಾಯಿತಿ ಬೇಡ. ವೈದ್ಯರಿಗೂ ಬೇಡ, ಡಂಗುರದವನಿಗೂ ಬೇಡ. ಐ ಆಮ್ ಓವರ್‌ಜಾಯ್ಡ್."

"ಭಲೇ! ಹಾಗೇ ಆಗಲಿ," ಎಂದರು ದೊರೆ.

ಹುಲ್ಲೂರುಕೋಟೆಯಲ್ಲೊಂದು ಪದ್ಧತಿಯಿತ್ತು. ಪ್ರತಿದಿನ ತುಂಬಿದ ಸಭೆಯಲ್ಲಿ ವೈದ್ಯರು ದೊರೆಯ ನಾಡಿ ನೋಡಿ ಆರೋಗ್ಯವಾರ್ತೆ ಹೇಳಬೇಕು. ಅದನ್ನು ಡಂಗುರದವನು ಊರಿಗೆ ಸಾರಬೇಕು. ದೊರೆ ಊರಿಗೆ ಮರಳಿದ ನೆಪದಲ್ಲಿ ಅಂದು ಅರಮನೆಯಲ್ಲಿ ಹಲಸಿನಹಣ್ಣಿನ ಕಡುಬು ಬೇಯುತ್ತಿತ್ತು. ಕಡುಬು ಕಂಡರೆ ದೊರೆ ಬಿಡುವವರಲ್ಲ. ಮರುದಿನ ಕಡುಬು ದೊರೆಯನ್ನು ಬಿಡುವುದಿಲ್ಲ. ಇದು ಇಡೀ ಅರಮನೆಗೆ ಗೊತ್ತಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರು ವೇದವಲ್ಲಿಯಮ್ಮ ಒಬ್ಬರೇ.

ಮರುದಿನ ದೊರೆ ಹೊಟ್ಟೆ ಹಿಡಿದುಕೊಂಡೇ ಸಿಂಹಾಸನವೇರಿದರು. ವೈದ್ಯ ನಂಜುಂಡಾರ್ಯರು ನಾಡಿ ಹಿಡಿದರು.

"ಮಹಾಸ್ವಾಮಿಗಳಿಗೆ ಅಜೀರ್ಣವಾಗಿದೆ. ಐ ಆಮ್ ಓವರ್‌ಜಾಯ್ಡ್."

"ಏನೆಂದಿರಿ?"

"ನಾಡಿಯೂ ಏರುಪೇರಾಗಿದೆ. ಐ ಆಮ್ ಓವರ್‌ಜಾಯ್ಡ್."

ಕಿವಿ ಮಂದವಾದ ಮುದುಕ ದಳವಾಯಿಗಳು ಗಾಬರಿಯಿಂದ ಎದ್ದರು. "ಅಯ್ಯೋ, ನನ್ನ ದೊರೆಗೆ ಏನಾಯಿತು! ಐ ಆಮ್ ಓವರ್‌ಜೋಡು!"

ಸಭೆಯವರೆಲ್ಲ ಅವರ ಕಾಲಿನ ಮೆಟ್ಟು ನೋಡಿದರು. ತೆರೆಯ ಹಿಂದೆ ರಾಣಿಯವರಿಗೆ ಕೆಮ್ಮು ಬಂದಿತು.

ದೊರೆ ಮಾಸ್ತರನತ್ತ ತಿರುಗಿದರು. "ರೀ ಮಾಸ್ತರೇ! ನನಗೆ ಹೊಟ್ಟೆನೋವಾದರೆ ಇವರಿಗೆ ಆನಂದವೇ? ಆ ಪದ ಇಲ್ಲಿ ಹೊಂದುತ್ತದೆಯೋ ಇಲ್ಲವೋ?"

ಹೊಂದುತ್ತದೆ ಎಂದರೆ ರಾಜದ್ರೋಹ. ಇಲ್ಲ ಎಂದರೆ ನಿನ್ನೆಯ ಬಡಾಯಿ ಮಣ್ಣುಪಾಲು. ಪಿನಾಕಪಾಣಿ ಬಾಗಿ ನಮಸ್ಕರಿಸಿದ. "ವ್ಯಾಕರಣ ಶುದ್ಧವಾಗಿದೆ, ಮಹಾಸ್ವಾಮಿ... ಐ ಆಮ್ ಓವರ್‌ಜಾಯ್ಡ್."

ಅಷ್ಟರಲ್ಲಿ ಡಂಗುರದ ಸಿದ್ಲಿಂಗ ತಮಟೆ ಹೊತ್ತು ಬಂದು ನಿಂತ. "ಬುದ್ಧೀ, ಊರಿಗೆ ಏನಂತ ಸಾರಲಿ? ಐಯಾಮ್ ಓರ್ಜಾಯಿಡ್."

ವೇದವಲ್ಲಿಯಮ್ಮ ಮುಂದೆ ಬಂದರು.

"ಕೇಳುವ ಅಗತ್ಯವಿಲ್ಲ, ಸಿದ್ಲಿಂಗ. ಅಪ್ಪಣೆ ಸ್ಪಷ್ಟವಾಗಿದೆ. 'ದೊರೆಗಳು ನರಳುತ್ತಿದ್ದಾರೆ, ಪ್ರಜೆಗಳು ಓವರ್‌ಜಾಯ್ಡ್' ಎಂದು ಈಗ ಸಾರು. ಸಂಜೆಗೆ ಜ್ವರವೂ ಬಂದರೆ 'ಜ್ವರ ಏರಿದೆ, ಪ್ರಜೆಗಳು ಓವರ್‌ಜಾಯ್ಡ್' ಎನ್ನು. ಇನ್ನು, ದೇವರು ಹಾಗೆ ಮಾಡದಿರಲಿ, ಒಂದು ವೇಳೆ ದೊರೆಗಳು..."

"ಸಾಕು!" ದೊರೆ ಹೊಟ್ಟೆನೋವು ಮರೆತು ಎದ್ದು ನಿಂತರು. "ಬೇಡ! ಆ ಪದ ಬೇಡ!"

ತಾವು ಆಡಿದ ಮಾತು ದೊರೆಯ ಕಿವಿಗೇ ಬಿದ್ದದ್ದು ಒಂದು ಕ್ಷಣದ ಮೇಲೆ. ಮೊದಲು ಅವರ ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡೇ ನಕ್ಕರು, ನಕ್ಕಷ್ಟೂ ನೊಂದರು.

"ಗೆದ್ದಿರಿ, ತಾಯೀ! ತೊಟ್ಟಿ ನಿಮ್ಮದೇ. ಪಕ್ಕದ ಅಂಕಣವನ್ನೂ ಸೇರಿಸಿಕೊಳ್ಳಿ. ಮಾಸ್ತರರಿಗೆ ಕುದುರೆಲಾಯದ ಮಗ್ಗುಲಿಗೆ ಒಂದು ಕೋಣೆಯಿದೆ. ಈಗ ಹೇಳಿ, ನಿಮಗೆ ಎಷ್ಟು ಸಂತೋಷವಾಗಿದೆ?"

ವೇದವಲ್ಲಿಯಮ್ಮ ಸೆರಗು ಸರಿಪಡಿಸಿಕೊಂಡರು.

"ಪರವಾಗಿಲ್ಲ, ಮಹಾಸ್ವಾಮಿ," ಎಂದರು.

ಮರುದಿನದ ಪಾಠದಲ್ಲಿ ಹುಡುಗಿಯರಿಗೆ ಆ ಪದವನ್ನು ಕಲಿಸುವುದೆಂದೂ, ಅದನ್ನು ಎಲ್ಲಿ ಆಡಬಾರದೆಂಬುದನ್ನು ಮೊದಲು ಹೇಳುವುದೆಂದೂ ಅವರು ತೀರ್ಮಾನಿಸಿದರು.