ಹೊನ್ನಾಜಿ ಹೋಗದ ಮೂರು ಪಟ್ಟಣ

ಬಾ, ಇತ್ಲಾಗೆ ಮಲಕ್ಕೋ ಪುಟ್ಟವ್ವ, ಕಾಲು ಒದೀಬೇಡ. ಏನಂದೆ, ದೊಡ್ಡವಳಾದ್ಮೇಲೆ ಮಂಗಳೂರಲ್ಲಿ ಇರ್ತೀಯಾ? ಸಮುದ್ರ ಇದೆ ಅಂತಾನಾ? ಇರು ತಾಯಿ, ಯಾರು ಬೇಡ ಅಂದ್ರು. ನನಗ್ಯಾವ ಪಟ್ಟಣ ಇಷ್ಟ ಅಂತ ಆಮೇಲೆ ಹೇಳ್ತೀನಿ, ಮೊದ್ಲು ಕತೆ ಕೇಳು.

ಒಂದಾನೊಂದು ಕಾಲದಲ್ಲಿ, ಸೇತುವೆ ಅಂದ್ರೇನು ಅಂತ ಯಾರೂ ಕಂಡಿರದ ಕಾಲದಲ್ಲಿ, ಒಂದು ದೊಡ್ಡ ಹೊಳೆ ಇತ್ತಂತೆ. ಈಚೆ ದಡದಲ್ಲಿ ಊರು, ಆಚೆ ದಡದಲ್ಲಿ ಪಟ್ಟಣಗಳಿಗೆ ಹೋಗೋ ದಾರಿ. ಊರಲ್ಲೊಬ್ಬ ಅಂಬಿಗ, ಅವನಿಗೆ ಒಬ್ಬಳೇ ಮಗಳು, ಹೊನ್ನಾಜಿ ಅಂತ. ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು, ದೊಡ್ಡ ಬುಟ್ಟಿ ಇದ್ದಂಗೆ ಇರುತ್ತಲ್ಲ, ಅದರಲ್ಲಿ ಜನರನ್ನ ಕೂರಿಸಿಕೊಂಡು ಅಪ್ಪ ಹುಟ್ಟು ಹಾಕ್ತಿದ್ದನಂತೆ. ಅವರಲ್ಲಿ ಒಂದು ಕಟ್ಟಳೆ. ಯಾವ ದಡದಿಂದಾಗಲಿ ಓ ಹರಿಗೋಲೂ ಅಂತ ಮೂರು ಸಲ ಕೂಗಿದ್ರೆ ಹೋಗಲೇಬೇಕು, ತಟ್ಟೆ ಮುಂದೆ ಕೂತಿದ್ರೂ ಎದ್ದು ಹೋಗಬೇಕು. ಇನ್ನೊಂದು, ಹುಟ್ಟನ್ನ ನೆಲಕ್ಕೆ ಇಡೋ ಹಾಗಿಲ್ಲ. ಮನೆಗೆ ಬಂದ್ರೆ ಗೂಟಕ್ಕೆ ನೇತು ಹಾಕಬೇಕು, ಬಿಟ್ಟು ಹೋಗಬೇಕಂದ್ರೆ ಇನ್ನೊಬ್ಬರ ಕೈಗೆ ಕೊಟ್ಟೇ ಹೋಗಬೇಕು.

ಒಂದಿವಸ ಅಪ್ಪನಿಗೆ ಜ್ವರ ಬಂತಂತೆ. ಇವತ್ತೊಂದು ದಿನ ಹುಟ್ಟು ಹಿಡ್ಕೋ ಮಗಳೇ, ನಾಳೆ ನಾನೇ ಹೋಗ್ತೀನಿ ಅಂದನಂತೆ. ಇವಳು ಕೈ ಚಾಚಿಬಿಟ್ಲು. ಅವಳು ಮಾಡಿದ ತಪ್ಪು ಅಂದ್ರೆ ಅಷ್ಟೇ ಕಣವ್ವ. ಅಪ್ಪ ಮತ್ತೆ ಏಳಲೇ ಇಲ್ಲವಂತೆ.

ಆಮೇಲೆ ಹರಿಗೋಲು ಹತ್ತಿದವರೆಲ್ಲ ಪಟ್ಟಣದ ಸುದ್ದಿ ಹೇಳೋರಂತೆ. ಹೂವಿನ ಬುಟ್ಟಿ ಹೊತ್ತ ಒಬ್ಬಳು, ಮಲ್ಲಿಗೆಪಟ್ಟಣ ಅಂತಿದೆ ಕಣೆ, ಅಲ್ಲಿ ಹರೇದ ಹುಡುಗೀರು ಬೆಳಗಾಗೋದ್ರೊಳಗೆ ಬೀದಿ ತುಂಬ ಕೂತು ಹೂವು ಕಟ್ತಾರೆ, ಮುಡಿಯೋಕೆ ಯಾರ ಅಪ್ಪಣೇನೂ ಬೇಕಿಲ್ಲ ಅಂದಳಂತೆ. ಹೊನ್ನಾಜಿಗೆ ಅವತ್ತಿಂದ ನಿದ್ದೆ ಇಲ್ಲ. ಒಂದು ಸೀರೆ, ಒಂದು ಬಾಚಣಿಗೆ, ಮೂರು ಹಿಡಿ ಅವಲಕ್ಕಿ, ಇಷ್ಟು ಕಟ್ಟಿ ಗಂಟು ಮಾಡಿದಳಂತೆ. ದೊಡ್ಡಪ್ಪನ ಕಾಲಿಗೆ ಬಿದ್ದು, ಹುಟ್ಟು ನೀನು ಹಿಡಿ ದೊಡ್ಡಪ್ಪ ಅಂದಳಂತೆ. ಆಗಲಿ ಕೊಡು ಅಂತ ಅವನು ಕೈ ನೀಡಿದ, ನೀಡೋದಕ್ಕೂ ಆಚೆ ದಡದಿಂದ ಕೂಗು ಬೀಳೋದಕ್ಕೂ ಸರಿಹೋಯ್ತಂತೆ. ಕೂಗು ಬಿದ್ಮೇಲೆ ಹುಟ್ಟು ಕೈ ಬದಲಾಯಿಸೋ ಹಾಗಿಲ್ಲ, ಅದೂ ಒಂದು ಕಟ್ಟಳೆ. ಹೋದಳು, ಬಂದಳು, ಬರೋದ್ರೊಳಗೆ ಇನ್ನೊಂದು ಕೂಗು, ಅದು ಮುಗಿಯೋದ್ರೊಳಗೆ ಮತ್ತೊಂದು. ಹೊತ್ತು ಇಳಿಯೋವರೆಗೂ ದೊಡ್ಡಪ್ಪ ದಡದಲ್ಲಿ ಕೂತು ನೋಡಿದನಂತೆ. ಆಮೇಲೆ ಎದ್ದು ಪಂಚೆ ಕೊಡವಿಕೊಂಡು, ಅಯ್ಯಪ್ಪಾ ಇಷ್ಟು ಕೂಗಾ, ನನ್ನ ಕೈಲಾಗಲ್ಲ ಅಂತ ಹೊರಟೇಹೋದನಂತೆ. ದೊಡ್ಡ ಮನುಷ್ಯ!

ಅವಲಕ್ಕಿಗೆ ಇರುವೆ ಮುತ್ತಿತು. ಮಲ್ಲಿಗೆಪಟ್ಟಣ ಹುಡುಗೀರ ಪಟ್ಟಣ, ಇವಳಿಗೆ ಹರೆಯ ಕಳೀತು.

ಆಮೇಲೆ ಚೆಲುವಯ್ಯ ಅನ್ನೋನು ಬಂದು ಇವಳನ್ನ ಮದುವೆ ಆದನಂತೆ. ಒಳ್ಳೆಯವನೇ. ಆ ಹೊತ್ತಿಗೆ ಎಣ್ಣೆ ಮಾರೋನು ಯಾರೋ ಸಾಲುದೀಪದ ಪಟ್ಟಣದ ಸುದ್ದಿ ಹೇಳಿದ್ದ. ಅಲ್ಲಿ ಮನೆಮನೆಗೂ ಮಹಡಿ, ಸಂಜೆ ಆದ್ರೆ ಗಂಡ ಹೆಂಡ್ತಿ ಕಿಟಕೀಲಿ ಕೂತು ದೀಪ ಎಣಿಸ್ತಾರಂತೆ. ಗಂಡನ ಹತ್ರ ಹೇಳಿ ಹೇಳಿ ಅವನಿಗೂ ಆ ಹುಚ್ಚು ಹಿಡಿಸಿದಳು. ನಾನು ಮುಂದೆ ಹೋಗಿ ಮನೆ ನೋಡ್ತೀನಿ, ಬಂದವನೇ ಹುಟ್ಟು ಹಿಡಿಯೋಕೆ ಯಾರನ್ನಾದ್ರೂ ಒಪ್ಪಿಸಿ ನಿನ್ನ ಕರಕೊಂಡು ಹೋಗ್ತೀನಿ ಅಂದನಂತೆ. ಹೊನ್ನಾಜಿ ಅವನನ್ನ ತಾನೇ ಹರಿಗೋಲಲ್ಲಿ ಕೂರಿಸಿ, ತಾನೇ ಹುಟ್ಟು ಹಾಕಿ, ತಾನೇ ಆಚೆ ದಡಕ್ಕೆ ಬಿಟ್ಟು ಬಂದಳಂತೆ.

ಬಂದನಾ ಅಂತ ಕೇಳ್ತೀಯಾ? ಇಲ್ಲ ಮಗಳೇ, ಬರಲಿಲ್ಲ. ಆಚೆ ದಡದಿಂದ ಕೂಗು ಬಿದ್ದಾಗೆಲ್ಲ ಅವನೇ ಅಂದ್ಕೊಂಡು ಇಪ್ಪತ್ತು ವರ್ಷ ಓಡಿದಳಂತೆ.

ಕೂದಲು ಹಣ್ಣಾಯ್ತು, ಭುಜ ಸವೀತು. ಆಗ ಒಬ್ಬ ಮುದುಕ ಸನ್ಯಾಸಿ ಹರಿಗೋಲು ಹತ್ತಿ, ಮೂರನೇದೊಂದು ಪಟ್ಟಣ ಇದೆ ತಾಯಿ, ಅದಕ್ಕೆ ಹೆಸರಿಲ್ಲ, ಅಲ್ಲಿ ಯಾರೂ ಯಾರನ್ನೂ ಕೂಗಲ್ಲ, ಬೇಕಾದಾಗ ಏಳಬಹುದು ಬೇಕಾದಾಗ ಮಲಗಬಹುದು ಅಂದನಂತೆ. ಹೊನ್ನಾಜಿ ನಡುನೀರಲ್ಲಿ ಹುಟ್ಟು ಹಾಕೋದು ನಿಲ್ಲಿಸಿ ಗೊಳೋ ಅಂತ ಅತ್ತಳಂತೆ. ಹರಿಗೋಲು ನಿಂತಲ್ಲೇ ಗಿರಗಿರ ತಿರುಗ್ತಾ ಇತ್ತಂತೆ.

ಮಾರನೇ ದಿನ ಮತ್ತೆ ಗಂಟು ಕಟ್ಟಿದಳು. ಅದೇ ಬಾಚಣಿಗೆ. ಹುಟ್ಟು ಹಿಡಿಯೋಕೆ ಊರಲ್ಲಿ ಯಾರೂ ಕೈ ನೀಡಲಿಲ್ಲ. ಆಚೆ ದಡಕ್ಕೆ ಒಬ್ಬಳೇ ಹೋಗಿ, ಹರಿಗೋಲು ಎಳೆದು ಹಾಕಿ, ಹುಟ್ಟನ್ನ ಮರಳಿನ ಮೇಲೆ ಇಟ್ಟೇಬಿಟ್ಟಳಂತೆ. ಇಟ್ಟು ಹತ್ತು ಹೆಜ್ಜೆ ನಡೆದಿದ್ದಳು, ಹಿಂದಿನಿಂದ, ಊರಿನ ದಡದಿಂದ, ಓ ಹರಿಗೋಲೂ. ತಿರುಗಲಿಲ್ಲ. ಎರಡನೇ ಸಲ ಕೂಗು ಬಿತ್ತು, ಹೆಣ್ಣು ದನಿ. ಕಿವಿ ಮುಚ್ಚಿಕೊಂಡಳು. ಮೂರನೇ ಸಲ ಕೂಗಿತು. ನನ್ನದೂ ಒಂದು ಜೀವ ಅಲ್ವೇನ್ರೋ ಅಂತ ಬೈಕೊಂಡು ನಡೆದಳಂತೆ. ಆಮೇಲೆ ಕೂಗು ನಿಂತುಹೋಯ್ತು. ಕೂಗು ಕೇಳ್ತಿರೋವರೆಗೂ ನಡೆದವಳಿಗೆ ಕೂಗು ನಿಂತಮೇಲೆ ಹೆಜ್ಜೆ ಏಳಲಿಲ್ಲವಂತೆ.

ಓಡೋಡಿ ಬಂದು ಹುಟ್ಟು ಹಾಕಿ ಈಚೆ ದಡಕ್ಕೆ ಬಂದ್ರೆ, ಯಾರೂ ಇಲ್ಲ. ನೀರಂಚಲ್ಲಿ ಒಂದು ಗಂಟು ಇತ್ತಂತೆ. ಬಿಚ್ಚಿ ನೋಡಿದ್ರೆ ಒಂದು ಸೀರೆ, ಒಂದು ಬಾಚಣಿಗೆ, ಮೂರು ಹಿಡಿ ಅವಲಕ್ಕಿ.

ಯಾವಳೋ ಹುಡುಗಿ, ಪಟ್ಟಣಕ್ಕೆ ಹೊರಟವಳು. ಮನೆಗೆ ವಾಪಸ್ ಹೋಗಿರ್ತಾಳೆ ಬಿಡು ಅಂದರಂತೆ ಊರವರು. ಮನೆಗೆ ಹೋಗೋಳು ಗಂಟು ಬಿಟ್ಟು ಹೋಗ್ತಾಳಾ? ಹೊನ್ನಾಜಿ ಹೊಳೆ ಉದ್ದಕ್ಕೂ ಹುಡುಕಿದಳಂತೆ, ಏನೂ ಸಿಗಲಿಲ್ಲ. ಆಮೇಲೆ ಅವಳು ಯಾವ ಪಟ್ಟಣದ ಸುದ್ದೀನೂ ಕೇಳಲಿಲ್ಲ. ಒಂದನೇ ಕೂಗಿಗೇ ಎದ್ದು ಹೋಗೋಳಂತೆ.

ಯಾಕೆ ಅಳ್ತೀಯಾ? ಸರಿ, ಸುಖವಾಗೇ ಮುಗಿಸ್ತೀನಿ ಬಿಡು. ಆ ಹುಡುಗಿ ಈಜಿ ಆಚೆ ದಡ ಸೇರಿ, ಮಲ್ಲಿಗೆಪಟ್ಟಣದಲ್ಲಿ ಹೂವು ಮುಡಿದು, ಸಾಲುದೀಪದ ಪಟ್ಟಣದಲ್ಲಿ ಮನೆ ಮಾಡಿ ಚೆನ್ನಾಗಿದ್ದಳಂತೆ. ಆಯ್ತಾ? ನಿನಗೆ ನಂಬಿಕೆ ಬಂದ್ರೆ ಸಾಕು, ನನಗೆ ಬರಲ್ಲ.

ನನ್ನ ಪಟ್ಟಣವಾ? ಮೈಸೂರು ಕಣೆ. ಒಂದೇ ಒಂದು ಸಲ ನೋಡಿದ್ದೆ, ನಿನ್ನಷ್ಟಿದ್ದಾಗ. ಮದುವೆ ಆಗಿ ಈ ಮನೆಗೆ ಬಂದ್ಮೇಲೆ ನಮ್ಮತ್ತೆ ಹುಷಾರು ತಪ್ಪಿ ಮಲಗಿದಾಗ, ಈ ಒಲೆ ಇವತ್ತೊಂದು ದಿನ ನೋಡ್ಕೊಳ್ಳೇ ಅಂದ್ರು. ಅವತ್ತು ಸೌಟು ಹಿಡಿದೋಳು ನಾನು, ಇನ್ನೂ ಕೆಳಗಿಟ್ಟಿಲ್ಲ. ನೀನು ಹೊರಡೋ ದಿನ ಒಂದು ಮಾತು ನೆನಪಿಟ್ಟುಕೋ ಪುಟ್ಟವ್ವ, ಒಂದೇ ದಿನಕ್ಕೆ ಅಂತ ಯಾರು ಏನು ಕೊಟ್ಟರೂ ಕೈ ಚಾಚಬೇಡ. ಹಿಂದಿನಿಂದ ನಾನೇ ಕೂಗಿದ್ರೂ ತಿರುಗಬೇಡ.

ಏನು? ಕೂಗ್ತೀಯಾ ಅಜ್ಜಿ ಅಂತಾನಾ? ಕೂಗ್ತೀನಿ ಕಣೆ. ಕೂಗದೆ ಇರೋಕೆ ನನ್ನ ಕೈಲಾಗಲ್ಲ.

ಮಲಕ್ಕೋ ಇನ್ನ. ಕತೆ ಮುಗೀತು, ಹೊಳೆ ಇನ್ನೂ ಹರೀತಾ ಇದೆ.