ಹೊಂಗೆ ಎಲೆಗೆ ಒಪ್ಪ

ಹೇಮಾವತಿ ಹೊಳೆಯ ದಡದಲ್ಲಿ ಕಾಳಾಚಾರರೆಂಬ ಅಕ್ಕಸಾಲಿಗರಿದ್ದರು. ಬೆಳ್ಳಿಯಲ್ಲಿ ಎಲೆ, ಮೊಗ್ಗು, ಬೀಜ ಮಾಡುವುದರಲ್ಲಿ ಅವರದು ದೊಡ್ಡ ಹೆಸರು. ಜನ ಅವನ್ನು ಒಯ್ದು ಸರಕ್ಕೆ ಪೋಣಿಸಿಕೊಳ್ಳುತ್ತಿದ್ದರು, ಓಲೆಗೆ ತೂಗುಬಿಡುತ್ತಿದ್ದರು.

ಅವರಿಗೆ ಒಬ್ಬನೇ ಶಿಷ್ಯ. ಅವನೇ ಮಗ, ಮೌನೇಶ.

ಶ್ರಾವಣದಲ್ಲಿ ಹೊಳೆ ತುಂಬಿ ಬಂತು. ಆಚೆ ದಡಕ್ಕೆ ಹೋಗಿದ್ದ ಮೌನೇಶ ಹಿಂದಿರುಗುವಾಗ ಹರಿಗೋಲು ಮಗುಚಿತು. ಮೂರನೆಯ ದಿನ ಕೆಳಗಿನ ಊರಿನವರು ಹೆಣ ಸಿಕ್ಕಿತೆಂದು ಹೇಳಿಕಳಿಸಿದರು.

ಅವನು ಕೂರುತ್ತಿದ್ದ ಮಣೆಯ ಮುಂದೆ ಬೆಳ್ಳಿಯ ಹದಿನೆಂಟು ಹೊಂಗೆ ಎಲೆಗಳು ಉಳಿದಿದ್ದವು. ಪಕ್ಕದೂರಿನ ರಂಗೇಗೌಡರ ಮಗಳ ಮದುವೆಯ ಸರಕ್ಕೆ ಇಪ್ಪತ್ತೊಂದು ಎಲೆ ಬೇಕಿತ್ತು. ಯಾವುದಕ್ಕೂ ಇನ್ನೂ ಒಪ್ಪ ಹಾಕಿ ಹೊಳಪು ತಂದಿರಲಿಲ್ಲ. ಉಳಿಯ ಗೀರು, ಸುತ್ತಿಗೆಯ ಏಟು ಎಲ್ಲ ಹಾಗೇ ಇದ್ದವು.

ಕಾಳಾಚಾರರು ಅವುಗಳ ಮೇಲೆ ಒಂದು ಬಟ್ಟೆ ಹೊದಿಸಿದರು. ಮತ್ತೆ ಅಗ್ಗಿಷ್ಟಿಕೆ ಹಚ್ಚಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ ನಾಗವೇಣಿ ಪಡಸಾಲೆಗೆ ಬಂದಳು. ಬಟ್ಟೆ ಸರಿಸಿ, ಗಂಡನ ಮಣೆಯ ಮೇಲೆ ಕೂತಳು.

"ಮೂರು ಎಲೆ ಬಾಕಿ ಇದೆ ಮಾವ. ನನಗೆ ಕಲಿಸಿ."

"ಆಗೋದಿಲ್ಲ ಅಂತ ಗೌಡರಿಗೆ ಹೇಳಿಕಳಿಸಿದರಾಯಿತು."

"ನಿಮ್ಮ ಮಗ ಒಪ್ಪಿಕೊಂಡಿದ್ದ ಕೆಲಸ."

ಕಾಳಾಚಾರರು ಎರಡೂ ಕೈ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು.

"ಈ ಕೈಯಲ್ಲಿ ಏನು ಕಲಿಸಲಿ?"

"ಕೈ ನಾನು ತಂದಿದೀನಿ," ಎಂದಳು.

ಅವರು ಚಾಚಿದ ಕೈ ಹಿಂದೆ ತೆಗೆದುಕೊಂಡರು. ಆಮೇಲೆ, "ಈ ಮಣೆ ಮೇಲೆ ಕೂತು ಅಳಬಾರದು. ಕಣ್ಣು ಮಂಜಾದರೆ ಏಟು ಬೆರಳಿಗೆ ಬೀಳುತ್ತೆ," ಎಂದರು.

"ಅಳು ಬಂದರೆ?"

"ಎದ್ದು ಹೋಗಿ ಅತ್ತು ಬಾ."

ಮೊದಲ ದಿನ ಅವಳು ಆರು ಸಲ ಎದ್ದು ಹೋದಳು.

ಕೆಲಸ ಅವಳಿಗೆ ಪೂರ್ತಿ ಹೊಸದಲ್ಲ. ಗಂಡನ ಪಕ್ಕದಲ್ಲಿ ಕೂತು ಒಂಬತ್ತು ವರ್ಷ ಕೆಂಡ ಊದಿದ್ದಳು. ಈಗ ತಗಡು ಕತ್ತರಿಸಲು ಕಲಿತಳು. ಅರಗಿನ ಮೇಲೆ ತಗಡು ಕೂರಿಸಿ ಎಲೆಯ ನರ ಎಬ್ಬಿಸಲು ಕಲಿತಳು. ಬಿಳಿಗಾರ ಹಚ್ಚಿ ತೊಟ್ಟು ಬೆಸೆಯಲು ಕಲಿತಳು. ಕಾಳಾಚಾರರು ಬಾಯಲ್ಲಿ ಹೇಳುತ್ತಿದ್ದರು, ಅವಳು ಮಾಡುತ್ತಿದ್ದಳು. ತಪ್ಪಿದರೆ ಅವರು ಏನೂ ಅನ್ನುತ್ತಿರಲಿಲ್ಲ. ಮತ್ತೊಂದು ತುಂಡು ತಗಡು ಮುಂದಿಡುತ್ತಿದ್ದರು.

ಮಾಘ ಮುಗಿಯುವ ಹೊತ್ತಿಗೆ ಮೂರು ಎಲೆ ಆದವು. ನಾಗವೇಣಿ ಅವನ್ನು ಗಂಡನ ಹದಿನೆಂಟರ ಜೊತೆ ಬೆರೆಸಿ ಮಾವನ ಮುಂದಿಟ್ಟಳು.

"ನನ್ನವು ಯಾವುವು ಹೇಳಿ ಮಾವ."

ಕಾಳಾಚಾರರು ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಬೆರಳಲ್ಲಿ ಸವರಿದರು. ಮೂರನ್ನು ತೆಗೆದು ಮೂಸೆಗೆ ಹಾಕಿ ಕೆಂಡದ ಮೇಲಿಟ್ಟರು.

ಎಲೆಗಳು ಕರಗಿ ಒಂದು ಹನಿಯಾಗುವವರೆಗೂ ಅವಳು ನೋಡುತ್ತಿದ್ದಳು.

"ಯಾಕೆ ಮಾವ? ಅವರು ಮಾಡಿದ ಹಾಗೇ ಇದ್ದವಲ್ಲ."

"ಅದಕ್ಕೇ."

"ಅರ್ಥ ಆಗಲಿಲ್ಲ."

"ಅವನು ಎಲೆ ನೋಡಿ ಎಲೆ ಮಾಡಿದ. ನೀನು ಅವನನ್ನು ನೋಡಿ ಮಾಡಿದೆ."

"ಮತ್ತೆ ನಾನು ಏನನ್ನು ನೋಡಲಿ?"

"ಹೊಂಗೆ ಮರ ಎಲ್ಲಿದೆ?"

ನಾಗವೇಣಿ ತಲೆ ತಗ್ಗಿಸಿದಳು. ಹೊಂಗೆ ಮರ ಇದ್ದದ್ದು ಹೊಳೆಯ ದಡದಲ್ಲಿ, ಹರಿಗೋಲು ಕಟ್ಟುವ ಜಾಗದಲ್ಲಿ. ಶ್ರಾವಣದಿಂದೀಚೆಗೆ ಅವಳು ಆ ದಾರಿ ತುಳಿದಿರಲಿಲ್ಲ.

ನಾಲ್ಕು ದಿನ ಅವಳು ಮಣೆಯ ಮೇಲೆ ಸುಮ್ಮನೆ ಕೂತಳು.

ಐದನೆಯ ದಿನ ಅವಳು ಹೇಳಿದಳು. "ಮಾವ, ನೀವು ಮೊದಲು ದಿನಾ ಸ್ನಾನಕ್ಕೆ ಹೊಳೆಗೆ ಹೋಗ್ತಿದ್ರಿ."

"ಹೌದು."

"ಈಗ ಹಿತ್ತಲಿನ ಬಾವಿ ನೀರು ಹೊಯ್ದುಕೊಳ್ತೀರಿ."

ಕಾಳಾಚಾರರು ಎದ್ದು ಒಳಗೆ ಹೋದರು. ಆ ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ.

ಮರುದಿನ ಬೆಳಗಾಗುವಾಗ ಅವರು ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು.

"ಬಾ ವೇಣಿ, ಹೋಗೋಣ. ಒಬ್ಬನೇ ಹೋಗೋಕೆ ನನ್ನ ಕೈಲೂ ಆಗಲಿಲ್ಲ."

ಹೊಳೆ ಇಳಿದಿತ್ತು. ಮೊಣಕಾಲು ಮುಳುಗುವಷ್ಟು ನೀರು, ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು. ಇದೇ ಹೊಳೆ ಎಂದು ನಂಬುವುದು ಕಷ್ಟವಾಗಿತ್ತು. ಹೊಂಗೆ ಮರ ಹೊಸ ಚಿಗುರು ಬಿಟ್ಟು ಮೈಯೆಲ್ಲ ಮಿರುಗುತ್ತಿತ್ತು.

ನಾಗವೇಣಿ ಮರದ ಬುಡದಲ್ಲಿ ಕೂತು ಅತ್ತಳು. ಇಲ್ಲಿ ಮಣೆ ಇರಲಿಲ್ಲ.

ಕಾಳಾಚಾರರು ನೀರಿಗಿಳಿದರು. ಬೊಗಸೆಯಲ್ಲಿ ನೀರು ತೆಗೆದುಕೊಂಡು ಅದನ್ನೇ ನೋಡುತ್ತ ನಿಂತರು. ನೀರೆಲ್ಲ ಬೆರಳ ಸಂದಿಯಿಂದ ಸೋರಿಹೋಯಿತು. ಮತ್ತೆ ಬೊಗಸೆ ತುಂಬಿಕೊಂಡರು. ಕಡೆಗೆ ಮುಖ ತೊಳೆದುಕೊಂಡು ಮೇಲೆ ಬಂದರು.

ಸೊಸೆಯ ಮಡಿಲಲ್ಲಿ ಮೂರು ಎಲೆ ಇದ್ದವು. ಒಂದರ ಅಂಚನ್ನು ಹುಳ ತಿಂದಿತ್ತು.

"ಹುಳ ತಿಂದದ್ದನ್ನೂ ಮಾಡಲಾ ಮಾವ?"

"ಕೈಗೆ ಬಂದದ್ದು ಅದೇ ತಾನೆ. ಮಾಡು."

ಹತ್ತು ದಿನಕ್ಕೆ ಮೂರು ಎಲೆ ಆದವು. ಕಾಳಾಚಾರರು ಅವನ್ನು ಬೆಳಕಿಗೆ ಹಿಡಿದು ನೋಡಿದರು. ಹದಿನೆಂಟರ ಪಕ್ಕದಲ್ಲಿಟ್ಟರು.

"ಇನ್ನು ಎಲೆಯ ಮೈಗೆ ಏನು ಮಾಡ್ತೀಯಾ?" ಎಂದು ಕೇಳಿದರು. "ಗಂಧಕದಲ್ಲಿ ಕಪ್ಪು ಮಾಡಿದರೆ ನರದ ಸಂದಿಯಲ್ಲಿ ಕಪ್ಪು ಕೂತು ಹಳೆಯದರ ಹಾಗೆ ಕಾಣುತ್ತೆ. ಒಪ್ಪ ಹಾಕಿದರೆ ಮರದ ಮೇಲಿನ ಚಿಗುರಿನ ಹಾಗೆ ಹೊಳೆಯುತ್ತೆ. ಯಾವುದು?"

"ಎರಡೂ ಬೇಡ. ಹೀಗೇ ಇರಲಿ."

"ಮದುವೆ ಹೆಣ್ಣಿನ ಕೊರಳಿಗೆ ಹೋಗೋದು. ಹೀಗೇ ಕೊಟ್ಟರೆ ಅರ್ಧ ಕೆಲಸ ಕೊಟ್ಟ ಹಾಗೆ."

ಅವಳು ಗಂಡನ ಒಂದು ಎಲೆ ಎತ್ತಿಕೊಂಡಳು. ಅದರ ಮೇಲೆ ಸಣ್ಣ ಸಣ್ಣ ಏಟಿನ ಗುರುತುಗಳಿದ್ದವು. "ಇದನ್ನು ನಾನು ದಿನಾ ಮುಟ್ಟಿ ನೋಡ್ತೀನಿ ಮಾವ. ಇದು ಅವರ ಸುತ್ತಿಗೆ ಬಿದ್ದ ಜಾಗ. ಇಲ್ಲಿ ಉಗುರು ತಾಗಿದೆ. ಉಜ್ಜಿದರೆ ಅವರ ಕೈ ಅಳಿಸಿಹೋಗುತ್ತೆ."

ಕಾಳಾಚಾರರು ಅವಳ ಕೈಯಿಂದ ಆ ಎಲೆ ತೆಗೆದುಕೊಂಡರು. ಅಂಟುವಾಳದ ನೊರೆಯಲ್ಲಿ ಅದ್ದಿದರು. ಒಪ್ಪದ ಕಲ್ಲು ಹಿಡಿದು ಉಜ್ಜತೊಡಗಿದರು.

"ಬೇಡ ಮಾವ."

ಅವರು ನಿಲ್ಲಿಸಲಿಲ್ಲ. ಕೈ ನಡುಗುತ್ತಿತ್ತು, ಕಲ್ಲು ಜಾರುತ್ತಿತ್ತು, ಮತ್ತೆ ಹಿಡಿದು ಉಜ್ಜಿದರು. ಸುತ್ತಿಗೆಯ ಗುರುತು ಹೋಯಿತು. ಉಗುರಿನ ಗುರುತು ಹೋಯಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವರು ಎಲೆಯನ್ನು ತೊಳೆದು, ಉಳಿದವುಗಳ ನಡುವೆ ಇಟ್ಟರು.

"ಇದು ಯಾರು ಮಾಡಿದ್ದು ವೇಣಿ?"

ಅವಳು ಕಣ್ಣೊರೆಸಿಕೊಂಡು ನೋಡಿದಳು. ಎಲೆ ಹೊಸ ಬೆಳಕಿನ ಹಾಗಿತ್ತು. ತೊಟ್ಟು ಮಾತ್ರ ಕೊಂಚ ಎಡಕ್ಕೆ ವಾಲಿತ್ತು. ಮೌನೇಶ ಎಡಗೈಯವನು. ಅವನ ಎಲ್ಲ ಎಲೆಗಳ ತೊಟ್ಟೂ ಹಾಗೇ ವಾಲುತ್ತಿತ್ತು.

"ಅವರೇ," ಎಂದಳು.

"ಉಳಿದ ಹದಿನೇಳನ್ನು ನೀನು ಉಜ್ಜು. ನಿನ್ನ ಮೂರನ್ನು ನಾನು ಉಜ್ಜುತ್ತೇನೆ."

ಇಬ್ಬರೂ ಎದುರುಬದುರು ಕೂತು ಎರಡು ದಿನ ಉಜ್ಜಿದರು. ಎರಡನೆಯ ದಿನ ಸಂಜೆ ಕಾಳಾಚಾರರೇ ಒಂದು ಸಲ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಅವರ ಪಾಲಿನ ಎಲೆಯನ್ನು ನಾಗವೇಣಿ ಮುಟ್ಟಲಿಲ್ಲ, ಹಾಗೇ ಇಟ್ಟುಕೊಂಡು ಕಾದಳು.

ವೈಶಾಖದಲ್ಲಿ ರಂಗೇಗೌಡರು ಬಂದರು. ಎಲೆಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ನೋಡಿದರು. ಮೌನೇಶನನ್ನು ನೆನೆದರು.

"ಅವನು ಹದಿನೆಂಟು ಮಾಡಿದ್ದ ಅಂತ ಕೇಳಿದ್ದೆ. ಮಿಕ್ಕ ಮೂರು ಯಾರು ಮಾಡಿದ್ದು ಆಚಾರ್ರೇ?"

"ಸೊಸೆ."

ಗೌಡರು ಬಾಗಿಲ ಬಳಿ ಕೂತಿದ್ದ ನಾಗವೇಣಿಯ ಬರಿಯ ಹಣೆ ನೋಡಿ ದೃಷ್ಟಿ ಬೇರೆ ಕಡೆ ತಿರುಗಿಸಿದರು.

"ತಪ್ಪು ತಿಳೀಬೇಡಿ. ಮೌನೇಶ ಮಾಡಿದ್ದು ಬದುಕಿದ್ದಾಗ, ಅದಕ್ಕೇನಿಲ್ಲ. ಆದರೆ ಇದು ಮದುವೆಗೆ ಹೋಗೋ ಸರ. ಮನೇಲಿ ಹಿರಿಯರಿದಾರೆ. ಆ ಮೂರನ್ನು ತೆಗೆದುಬಿಡಿ. ಹದಿನೆಂಟೇ ಸಾಕು."

ನಾಗವೇಣಿ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡು ನೆಲ ನೋಡುತ್ತ ಕೂತಳು.

ಕಾಳಾಚಾರರು ತಟ್ಟೆಯನ್ನು ಗೌಡರ ಕಡೆಗೆ ಸರಿಸಿದರು.

"ನಾನು ತೆಗೆಯೋದಿಲ್ಲ. ನಿಮಗೆ ಯಾವುದು ಬೇಡವೋ ನೀವೇ ತೆಗೀರಿ."

ಗೌಡರು ಬಗ್ಗಿ ನೋಡಿದರು. ಎಲೆಗಳನ್ನು ಅತ್ತಿತ್ತ ಹೊರಳಿಸಿದರು. ಹುಳ ತಿಂದ ಎಲೆ ಕೈಗೆ ಸಿಕ್ಕಿದಾಗ ತಲೆದೂಗಿದರು. "ಹುಳ ಕಚ್ಚಿದ ಗುರುತನ್ನೂ ಬಿಟ್ಟಿಲ್ಲ. ಮೌನೇಶನಂಥವನು ಮತ್ತೆ ಹುಟ್ಟಲ್ಲ."

ನಾಗವೇಣಿ ತಲೆಯೆತ್ತಿದಳು. ಕಾಳಾಚಾರರು ಅವಳ ಕಡೆ ನೋಡಲಿಲ್ಲ.

ಗೌಡರು ಕಡೆಗೆ ಮೂರು ಎಲೆ ಆರಿಸಿ ಬದಿಗಿಟ್ಟರು. "ಇವೇ ಇರಬೇಕು. ತೊಟ್ಟು ಮಿಕ್ಕವಕ್ಕಿಂತ ಸೊಟ್ಟಗಿದೆ. ಹೊಸ ಕೈ ಅಂತ ಗೊತ್ತಾಗುತ್ತೆ."

ನಾಗವೇಣಿಯ ಕಣ್ಣು ಆ ಮೂರು ತೊಟ್ಟುಗಳ ಮೇಲೆ ನಿಂತಿತು.

ಕಾಳಾಚಾರರು ಉಳಿದ ಹದಿನೆಂಟನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಗೌಡರ ಕೈಗೆ ಕೊಟ್ಟರು. "ಮಗಳು ಚೆನ್ನಾಗಿ ಬಾಳಲಿ," ಎಂದರು. ಗೌಡರು ಕೈ ಮುಗಿದು ಹೊರಟರು.

ಗಾಡಿಯ ಸದ್ದು ಅಡಗುವವರೆಗೆ ನಾಗವೇಣಿ ಕೂತ ಕಡೆಯಿಂದ ಏಳಲಿಲ್ಲ. ಆಮೇಲೆ ಬಂದು ಮಣೆಯ ಮುಂದೆ ಕೂತಳು. ಮೂರು ಎಲೆಗಳೂ ಅಲ್ಲೇ ಇದ್ದವು.

"ಮೂರೂ ಅವರದೇ ಮಾವ."

"ಗೊತ್ತು."

"ಗೌಡರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಇವೂ ಹೋಗುತ್ತಿದ್ದವು."

ಅವಳು ಅವರ ಮುಖ ನೋಡಲಿಲ್ಲ. ನೋಡಬಾರದೆನಿಸಿತು.

ಅವಳು ಮೆಲ್ಲಗೆ ಕೇಳಿದಳು. "ಇವನ್ನು ನಾನು ಇಟ್ಟುಕೊಳ್ಳಲಾ?"

ಕಾಳಾಚಾರರು ಮೂರನ್ನೂ ಎತ್ತಿ ಒಂದೊಂದರ ತೊಟ್ಟನ್ನೂ ಹೆಬ್ಬೆರಳಿನಿಂದ ಸವರಿದರು. ಅವಳ ಅಂಗೈ ಬಿಡಿಸಿ ಅದರಲ್ಲಿಟ್ಟು, ಬೆರಳುಗಳನ್ನು ತಾವೇ ಮಡಚಿದರು.

"ಇಟ್ಟುಕೋ. ಎಂದಾದರೂ ಕೆಲಸಕ್ಕೆ ಬೆಳ್ಳಿ ಸಾಲದೆ ಹೋದ ದಿನ ಕರಗಿಸೋಕೆ ಕೇಳ್ತೀನಿ. ಆಗ ಇಲ್ಲ ಅನ್ನಬೇಡ."