ಡಬ್ಬಿ ಉಳಿಸಿ

ವಾರದೊಳಗೆ ಒಂದು ಕಾಗದವೂ ಬೀಳದಿದ್ದರೆ ಅಂಚೆ ಡಬ್ಬಿಯನ್ನು ಕೀಳಿಸುತ್ತೇನೆಂದು ಅಧಿಕಾರಿ ಹೇಳಿಹೋದರು. ಊರವರು ಸಿಟ್ಟಾದರು. ಡಬ್ಬಿ ಉಳಿಸಿ ಎಂದು ಮನವಿ ಬರೆದು, ಅದರ ತಲೆಯ ಮೇಲೇ ಇಟ್ಟು ಇನ್ನೂರು ಜನ ಸಹಿ ಹಾಕಿದರು.

“ನೋಡಿದೆಯಾ ಹಲ್ಲಿಯಕ್ಕ, ನನ್ನನ್ನು ಬಿಟ್ಟುಕೊಡುವ ಊರಲ್ಲ ಇದು,” ಎಂದು ಡಬ್ಬಿ ತನ್ನೊಳಗಿದ್ದ ಹಲ್ಲಿಗೆ ಹೇಳಿತು. ಎಲ್ಲ ಮಾತಿಗೂ ಲೊಚಗುಟ್ಟುವ ಹಲ್ಲಿ ಈ ಸಲ ಸುಮ್ಮನಿತ್ತು.

ಎಂಟನೆಯ ದಿನ ಅಧಿಕಾರಿ ಬಂದು ಬೀಗ ತೆಗೆದರು. ಒಳಗೆ ಹಲ್ಲಿ ಮತ್ತು ಅದರ ಎರಡು ಮೊಟ್ಟೆ ಮಾತ್ರ ಇದ್ದವು. ಹಾರೆ ಕೆಲಸ ಶುರುಮಾಡಿತು.

“ಅಕ್ಕ, ಆ ಮನವಿ ಎಲ್ಲಿ?”

“ಫೋಟೋ ತೆಗೆದು ಫೋನಿನಲ್ಲಿ ಕಳಿಸಿದರಪ್ಪ.”

“ಹೋಗಿ ಮುಟ್ಟಿತೇ?” ಎಂದು ಡಬ್ಬಿ ಕೇಳಿತು.

“ಆ ಕ್ಷಣವೇ.”

“ಹಾಗಾದರೆ ಸರಿ,” ಎಂದು ಡಬ್ಬಿ ಲಾರಿ ಹತ್ತಿತು.